ಗಿಲೀಟಿನ ತೊಟ್ಟಿಯಲ್ಲಿ ಯುರೇನಿಯಂ

ರಿಯಾಕ್ಟರಿನಿಂದ ತೆಗೆದ ಹಳೆಯ ಇಂಧನ ಎಂದರೆ ಉರಿದು ಮುಗಿದ ಬೂದಿ ಎಂದೇ ಬಹಳ ಜನರ ಎಣಿಕೆ. ಆದರೆ ಸಾಮಾನ್ಯ ನೀರಿನ ರಿಯಾಕ್ಟರಿನ ಹಳೆಯ ಇಂಧನದಲ್ಲಿ ಶೇ. 95ರಷ್ಟು ಯುರೇನಿಯಮ್ಮೇ ಉಳಿದಿರುತ್ತದೆ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಬೇರ್ಪಡಿಸುವುದು ರೂಢಿಯ ದಾರಿ. ಇನ್ನೊಂದು ದಾರಿ ಗಿಲೀಟು ಅಂಗಡಿಯದು: ತೊಟ್ಟಿಯ ದ್ರವದಲ್ಲಿ ಕರೆಂಟು ಹರಿಸಿ, ಲೋಹವನ್ನು ಒಂದು ತುದಿಯಲ್ಲಿ ಕರಗಿಸಿ ಇನ್ನೊಂದು ತುದಿಯಲ್ಲಿ ಕೂರಿಸುವುದು. ಅಮೆರಿಕದ ಐಡಾಹೋದಲ್ಲಿ, 1994ರಲ್ಲಿ ನಿಂತುಹೋದ ಇಬಿಆರ್-2 ರಿಯಾಕ್ಟರಿನ ಲೋಹದ ಇಂಧನವನ್ನು ಹೀಗೆಯೇ ಸಂಸ್ಕರಿಸಿದ್ದಾರೆ.

ನೀರಿನ ತೊಟ್ಟಿಯಲ್ಲಿ ಯುರೇನಿಯಂ ಲೋಹ ಕೂರುವುದಿಲ್ಲ. ಅದರ ಸರದಿ ಬರುವ ಮೊದಲೇ ನೀರು ಒಡೆದು ಹೈಡ್ರೋಜನ್ ಏಳುತ್ತದೆ. ಆದ್ದರಿಂದ ನೀರಿನ ಜಾಗದಲ್ಲಿ ಕರಗಿದ ಉಪ್ಪು. ತೂಕದಲ್ಲಿ 44 ಪಾಲು ಲಿಥಿಯಂ ಕ್ಲೋರೈಡ್, 56 ಪಾಲು ಪೊಟ್ಯಾಸಿಯಂ ಕ್ಲೋರೈಡ್. ಒಂದೊಂದಾಗಿ 600 ಡಿಗ್ರಿ ದಾಟಿದರಷ್ಟೇ ಕರಗುವ ಇವು ಜೊತೆಗೂಡಿದರೆ 355 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತವೆ. ಕೆಲಸ ನಡೆಯುವುದು 500 ಡಿಗ್ರಿಯಲ್ಲಿ, ಆರ್ಗಾನ್ ತುಂಬಿದ ಕೋಣೆಯಲ್ಲಿ. ತೇವ ನುಸುಳಿದರೆ ಯುರೇನಿಯಂ ಆಕ್ಸೈಡ್ ಆಗಿ ತಳಕ್ಕೆ ಇಳಿಯುತ್ತದೆ.

ಕತ್ತರಿಸಿದ ಇಂಧನದ ತುಂಡುಗಳಿರುವ ಉಕ್ಕಿನ ಬುಟ್ಟಿಯೇ ಆನೋಡ್, ಅಂದರೆ ಲೋಹ ಕರಗಿ ಹೊರಡುವ ತುದಿ. ಮೊದಲು ಸ್ವಲ್ಪ ಕ್ಯಾಡ್ಮಿಯಂ ಕ್ಲೋರೈಡ್ ಹಾಕಿ ಉಪ್ಪಿನೊಳಗೆ ಯುರೇನಿಯಂ ಕ್ಲೋರೈಡ್ ಮಾಡಿಕೊಳ್ಳುತ್ತಾರೆ. ಕರೆಂಟು ಹರಿದಾಗ ಯುರೇನಿಯಂ ಬುಟ್ಟಿಯಿಂದ ಕರಗಿ, ಉಕ್ಕಿನ ಕ್ಯಾಥೋಡಿನ ಮೇಲೆ ಕವಲೊಡೆದ ಹರಳಾಗಿ ಕೂರುತ್ತದೆ. ಲೆಕ್ಕ ಸರಳ: ಒಂದು ಕಿಲೋ ಯುರೇನಿಯಮ್ಮಿಗೆ ಸುಮಾರು 338 ಆಂಪಿಯರ್-ಗಂಟೆ. ಏನೂ ಪೋಲಾಗದಿದ್ದರೆ 100 ಆಂಪಿಯರಿನಲ್ಲಿ ಮೂರೂವರೆ ಗಂಟೆಯೊಳಗಿನ ಕೆಲಸ. ಹರಳಿಗೆ ಅಂಟಿದ ಉಪ್ಪನ್ನು ನಿರ್ವಾತದಲ್ಲಿ ಕಾಸಿ ಆವಿಯಾಗಿಸಿ, ಉಳಿದದ್ದನ್ನು ಗಟ್ಟಿಯಾಗಿ ಎರಕ ಹೊಯ್ಯುತ್ತಾರೆ.

ನಿಜವಾದ ಚಮತ್ಕಾರ ಹಳೆಯ ಇಂಧನದಲ್ಲೇ ಇರುವ ಪ್ಲುಟೋನಿಯಮ್ಮಿನದು. ಅದು ಯುರೇನಿಯಮ್ಮಿಗಿಂತ ಕ್ಲೋರಿನ್ನಿಗೆ ಹೆಚ್ಚು ಅಂಟಿಕೊಳ್ಳುವ ಧಾತು. ಗಟ್ಟಿ ಕ್ಯಾಥೋಡಿನ ಮೇಲೆ ಬಂದು ಕೂತರೂ ಉಪ್ಪಿನಲ್ಲಿರುವ ಯುರೇನಿಯಂ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕದೆ ಹಿಡಿದ ಸೀಟಿನ ಹಾಗೆ. ಟವೆಲ್ಲಿನ ಕೆಲಸ ಮಾಡುವುದು ಗಟ್ಟಿ ಕ್ಯಾಥೋಡಿನ ಬದಲು ಇಡುವ ದ್ರವ ಕ್ಯಾಡ್ಮಿಯಂ. ಅದರಲ್ಲಿ ಪ್ಲುಟೋನಿಯಂ ಕರಗಿ, ಒಂದು ಪರಮಾಣುವಿಗೆ ಆರು ಕ್ಯಾಡ್ಮಿಯಮ್ಮಿನಂತೆ ಸಂಯುಕ್ತವನ್ನೂ ಕಟ್ಟಿಕೊಳ್ಳುತ್ತದೆ. ಚಿಕ್ಕಿಯ ಪಾಕದಲ್ಲಿ ಸಿಕ್ಕಿಕೊಂಡ ಶೇಂಗಾ ಬೀಜವನ್ನು ಕಿತ್ತು ನೋಡಿ, ಅಷ್ಟು ಸುಲಭವಲ್ಲ. ಹೀಗಾಗಿ ಕ್ಯಾಡ್ಮಿಯಮ್ಮಿನೊಳಗೆ ಯುರೇನಿಯಂ, ಪ್ಲುಟೋನಿಯಮ್ಮುಗಳ ನಡುವಿನ ವೋಲ್ಟೇಜ್ ಅಂತರ ಕುಗ್ಗುತ್ತದೆ, ಎರಡೂ ಒಟ್ಟಿಗೆ ಇಳಿಯುತ್ತವೆ. ನೆಪ್ಚೂನಿಯಂ, ಅಮೆರಿಸಿಯಂ, ಒಂದಿಷ್ಟು ವಿರಳ ಭಸ್ಮ ಧಾತುಗಳೂ ಬೆನ್ನು ಹತ್ತುತ್ತವೆ. ಇದನ್ನು ಮತ್ತೆ ಇಂಧನವಾಗಿ ಬಳಸುವ ವೇಗದ ನ್ಯೂಟ್ರಾನುಗಳ ರಿಯಾಕ್ಟರು ಈ ಅಲ್ಪ ಕಲಬೆರಕೆಯನ್ನು ಸಹಿಸಿಕೊಳ್ಳುತ್ತದೆ. ಕಾಟ ಬೇರೆಡೆ ಇದೆ: ಕ್ಯಾಡ್ಮಿಯಮ್ಮಿನ ಮೇಲ್ಮೈಯಲ್ಲೇ ಯುರೇನಿಯಂ ಕವಲೊಡೆದು ಮೇಲಕ್ಕೆ ಬೆಳೆದರೆ ಎಲ್ಲ ಕರೆಂಟೂ ಅಲ್ಲಿಗೇ ನುಗ್ಗುತ್ತದೆ. ಅದಕ್ಕೇ ಕಲಕುತ್ತಿರಬೇಕು, ಇಲ್ಲವೇ ಕುಟ್ಟಿ ಒಳಗೆ ತಳ್ಳಬೇಕು.

ಇದೆಲ್ಲ ಲೋಹದ ಇಂಧನದ ಮಾತು. ಕೈಗಾದಲ್ಲಿರುವಂಥ ಆಕ್ಸೈಡ್ ಬಿಲ್ಲೆಗಳನ್ನು ನೇರವಾಗಿ ಬುಟ್ಟಿಗೆ ಹಾಕಲಾಗದು. ಮೊದಲು 650 ಡಿಗ್ರಿಯ ಲಿಥಿಯಂ ಕ್ಲೋರೈಡಿನಲ್ಲಿ ಆಕ್ಸಿಜನ್ ಕಳೆದು ಲೋಹ ಮಾಡಬೇಕು.

‘ಕಸವೇ ಉಳಿಯುವುದಿಲ್ಲ’ ಎನ್ನುವ ಉತ್ಸಾಹಿಗಳು ತೊಟ್ಟಿಯ ತಳವನ್ನೂ ನೋಡಬೇಕು. ಪರಮಾಣು ಒಡೆದಾಗ ಹುಟ್ಟಿದ ಸೀಸಿಯಂ, ಸ್ಟ್ರಾನ್ಷಿಯಂ ಕ್ಲೋರೈಡಾಗಿ ಉಪ್ಪಿನಲ್ಲೇ ಜಮೆಯಾಗುತ್ತ ಹೋಗುತ್ತವೆ. ಆ ಉಪ್ಪನ್ನು ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದ ಪುಡಿಗೆ ಹೀರಿಸಿ, ಗಾಜಿನ ಪುಡಿ ಬೆರೆಸಿ, ಸುಮಾರು 900 ಡಿಗ್ರಿಯಲ್ಲಿ ಕಾಸಿ ಸೋಡಲೈಟ್ ಎಂಬ ಕಲ್ಲಾಗಿಸುತ್ತಾರೆ. ಬುಟ್ಟಿಯಲ್ಲಿ ಕರಗದೆ ಉಳಿದ ರುಥೇನಿಯಂ, ಟೆಕ್ನೀಷಿಯಂಗಳು ಹೊದಿಕೆಯ ಉಕ್ಕಿನೊಡನೆ ಕರಗಿ ಇನ್ನೊಂದು ಗಟ್ಟಿಯಾಗುತ್ತವೆ. ಎರಡನ್ನೂ ಹೂಳಲೇಬೇಕು.