ನರ ಬೆಳೆಸುವ ಪ್ರೊಟೀನು ಪೆಟ್ಟಾದ ಮಿದುಳಿಗೆ ಇನ್ನೂ ಯಾಕೆ ಮದ್ದಾಗಿಲ್ಲ?

ತಲೆಗೆ ಜೋರು ಪೆಟ್ಟು ಬಿದ್ದವರ ಮನೆಯವರು ಡಾಕ್ಟರನ್ನು ಕೇಳುವ ಪ್ರಶ್ನೆ ಇದು: ಹಾಳಾದ ನರ ಮತ್ತೆ ಬೆಳೆಯುತ್ತಾ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸ್ಪೇನಿನ ನರವಿಜ್ಞಾನಿ ಸಾಂಟಿಯಾಗೊ ರಮೋನ್ ಇ ಕಹಾಲ್ ಕೊಟ್ಟ ಉತ್ತರ ಕಟುವಾಗಿತ್ತು. ದೊಡ್ಡವರ ಮಿದುಳಿನಲ್ಲಿ ಸತ್ತದ್ದು ಮತ್ತೆ ಹುಟ್ಟುವುದಿಲ್ಲ ಅಂದಿದ್ದರು.

ಆ ಮಾತನ್ನು ಅಲುಗಾಡಿಸಿದ ಕೆಲಸ ಶುರುವಾದದ್ದು ಇಟಲಿಯ ಟುರಿನ್‌ನ ಒಂದು ಮಲಗುವ ಕೋಣೆಯಲ್ಲಿ. ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಯಹೂದಿ. 1938ರಲ್ಲಿ ಮುಸೊಲಿನಿ ತಂದ ಯಹೂದಿ ವಿರೋಧಿ ಕಾನೂನುಗಳಿಂದ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಅವರು ಮನೆಯಲ್ಲೇ ಲ್ಯಾಬ್ ಮಾಡಿಕೊಂಡರು. ಹೊಲಿಗೆ ಸೂಜಿಯನ್ನು ಮಸೆದು ಚಾಕು ಮಾಡಿಕೊಂಡು ಮೊಟ್ಟೆಯೊಳಗಿನ ಕೋಳಿಮರಿಯ ಭ್ರೂಣ ಕೊಯ್ಯುತ್ತಿದ್ದರು. ಮೂಡುತ್ತಿರುವ ಕಾಲನ್ನು ಕತ್ತರಿಸಿ ತೆಗೆದರೆ, ಅಲ್ಲಿಗೆ ಹೋಗಬೇಕಿದ್ದ ನರಕೋಶಗಳು ಹುಟ್ಟುತ್ತವೆ, ಆದರೆ ಉಳಿಯುವುದಿಲ್ಲ. ಹಾಗಾದರೆ ಅವನ್ನು ಉಳಿಸುವಂಥದ್ದು ಏನೋ ಇರಬೇಕು, ಅಲ್ವಾ?

ಯುದ್ಧ ಮುಗಿದ ಮೇಲೆ, 1947ರಲ್ಲಿ, ಭ್ರೂಣವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ಕರೆದರೆಂದು ಅವರು ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. ನರಕೋಶ ಉಳಿಸುವ ಆ ವಸ್ತು ಗೆಡ್ಡೆಯಲ್ಲಿ (ಟ್ಯೂಮರ್) ಇದೆಯೇ ಅಂತ ನೋಡಲು 1952ರಲ್ಲಿ ಗೆಡ್ಡೆ ಇದ್ದ ಎರಡು ಇಲಿಗಳನ್ನು ವಿಮಾನದಲ್ಲಿ ರಿಯೊ ಡಿ ಜನೈರೊಗೆ ಒಯ್ದರು. ಅಲ್ಲಿ ಹರ್ಥಾ ಮೇಯರ್ ಅವರ ಲ್ಯಾಬ್‌ನಲ್ಲಿ ಗೆಡ್ಡೆಯ ಚೂರಿನ ಪಕ್ಕ ಕೋಳಿಮರಿಯ ನರಗಂಟು, ಅಂದರೆ ನರಕೋಶಗಳ ಗುಂಪು, ಇಟ್ಟರು. ಒಂದೇ ದಿನದಲ್ಲಿ ಗಂಟಿನ ಸುತ್ತ ನರದ ಎಳೆಗಳು ಸೂರ್ಯನ ಕಿರಣಗಳ ಹಾಗೆ ಚಾಚಿದ್ದವು. ಆಮೇಲೆ ಜೀವರಸಾಯನ ವಿಜ್ಞಾನಿ ಸ್ಟಾನ್ಲಿ ಕೋಹೆನ್ ಜೊತೆಯಾದರು. ಗೆಡ್ಡೆಯ ಸಾರದಲ್ಲಿದ್ದ ನ್ಯೂಕ್ಲಿಯಿಕ್ ಆಮ್ಲ (ಡಿಎನ್ಎ, ಆರ್ಎನ್ಎ) ಒಡೆಯಲೆಂದು ಹಾವಿನ ವಿಷ ಹಾಕಿದರೆ, ನರ ಬೆಳೆಸುವ ವಸ್ತು ಆ ವಿಷದಲ್ಲೇ ಇನ್ನೂ ಜಾಸ್ತಿ ಇತ್ತು! ಅಲ್ಲಿಂದ ಇಲಿಯ ಜೊಲ್ಲು ಗ್ರಂಥಿಗೆ ಹೋದರು. ಹೀಗೆ ಕೈಗೆ ಸಿಕ್ಕ ಪ್ರೊಟೀನೇ ನರ್ವ್ ಗ್ರೋತ್ ಫ್ಯಾಕ್ಟರ್, ಎನ್‌ಜಿಎಫ್. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹಾಗಾದರೆ ತಲೆಗೆ ಪೆಟ್ಟಾದವರಿಗೆ ಎನ್‌ಜಿಎಫ್ ಕೊಟ್ಟರಾಯಿತಲ್ಲ? ಮೊದಲ ಅಡ್ಡಿ, ಇದು ದೊಡ್ಡ ಪ್ರೊಟೀನು. ರಕ್ತಕ್ಕೆ ಚುಚ್ಚಿದರೆ ಮಿದುಳಿನೊಳಗೆ ಸರಿಯಾಗಿ ದಾಟುವುದಿಲ್ಲ. 1990ರ ದಶಕದಲ್ಲಿ ಪೆಟ್ಟಾದ ಇಲಿಗಳ ಮಿದುಳಿಗೆ ನೇರವಾಗಿ ಹನಿಸಿ ನೋಡಿದರು. ನೆನಪಿನ ಶಕ್ತಿ ಸುಧಾರಿಸಿತು, ಕೈಕಾಲಿನ ದೌರ್ಬಲ್ಯ ಸುಧಾರಿಸಲಿಲ್ಲ. ಕಾರಣ ಊಹಿಸಬಹುದು. ಮಿದುಳಿನ ಮುಂದಿನ ಭಾಗದ ತಳದಲ್ಲಿ ಗಮನ ಮತ್ತು ನೆನಪಿಗೆ ಬೇಕಾದ ಕೆಲವು ಕೋಶಗಳಿವೆ. ಎನ್‌ಜಿಎಫ್ ಮುಖ್ಯವಾಗಿ ಸಾಕುವುದು ಅವನ್ನು. ಅದು ಎಲ್ಲಾ ನರಕ್ಕೂ ಗೊಬ್ಬರವಲ್ಲ.

ಮನುಷ್ಯರಿಗೆ ಕೊಟ್ಟಾಗ ಇನ್ನೊಂದು ತೊಂದರೆ ಕಂಡಿತು. ಸ್ವೀಡನ್‌ನಲ್ಲಿ ಅಲ್ಝೈಮರ್ ಇದ್ದ ಕೆಲವರ ಮಿದುಳಿನ ದ್ರವಕ್ಕೆ ಎನ್‌ಜಿಎಫ್ ಬಿಟ್ಟಾಗ ಬೆನ್ನುನೋವು ಬಂತು, ತೂಕ ಇಳಿಯಿತು. ನೋವಿನ ನರಗಳನ್ನು ಚುರುಕಾಗಿಸುವುದೂ ಇದೇ ಪ್ರೊಟೀನು.

2001ರಲ್ಲಿ ಗೊತ್ತಾದದ್ದು ಇನ್ನೂ ಮುಖ್ಯ. ಮಾಗಿದ ಎನ್‌ಜಿಎಫ್ ಕೋಶವನ್ನು ಉಳಿಸುತ್ತದೆ. ಅದರ ಎಳೆಯ ರೂಪವಾದ ಪ್ರೊ-ಎನ್‌ಜಿಎಫ್ ಕೋಶದ ಮೇಲಿನ ಬೇರೊಂದು ರಿಸೆಪ್ಟರ್‌ಗೆ (ಸಂಕೇತ ಹಿಡಿಯುವ ಅಣುವಿಗೆ) ಅಂಟಿಕೊಂಡು ಕೋಶವನ್ನು ಕೊಲ್ಲಬಲ್ಲದು. ಮಿದುಳಿಗೆ ಗಾಯವಾದಾಗ ಈ ಎಳೆಯ ರೂಪವೂ ಹೆಚ್ಚುತ್ತದೆ. ಹಾಗಾಗಿ ಎಷ್ಟು ಇದೆ ಅನ್ನುವುದಷ್ಟೇ ಸಾಲದು, ಯಾವ ರೂಪದಲ್ಲಿ, ಯಾವ ಹೊತ್ತಿನಲ್ಲಿ ಇದೆ ಅನ್ನುವುದೂ ಮುಖ್ಯ. 'ನರ ಬೆಳೆಸುವ ಮದ್ದು' ಅಂತ ಯಾರಾದರೂ ಬಾಟಲಿ ತೋರಿಸಿದರೆ ಸುಮ್ನೆ ನಂಬಿ ದುಡ್ಡು ಸುರಿಯಬೇಡಿ ಅನ್ನುವುದು ಇದಕ್ಕೇ.

ಹಾಗಂತ ದಾರಿ ಮುಚ್ಚಿಲ್ಲ. ಲ್ಯಾಬ್‌ನಲ್ಲಿ ತಯಾರಿಸಿದ ಮನುಷ್ಯರ ಎನ್‌ಜಿಎಫ್‌ಗೆ 2018ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಆದರೆ ಅದು ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ನರ ಹಾಳಾದವರಿಗೆ ಕೊಡುವ ಕಣ್ಣಿನ ಹನಿ. ರೋಮ್‌ನ ವೈದ್ಯರು ಮಿದುಳಿಗೆ ತಲುಪಿಸಲು ಮೂಗಿನ ದಾರಿ ಹಿಡಿದರು. ತಲೆಗೆ ತೀವ್ರ ಪೆಟ್ಟಾಗಿ, ಕಣ್ಣು ಬಿಟ್ಟರೂ ಸ್ಪಂದಿಸದೆ ಮಲಗಿದ್ದ ಒಬ್ಬ ಪುಟ್ಟ ಹುಡುಗನಿಗೆ ಎನ್‌ಜಿಎಫ್ ಅನ್ನು ಮೂಗಿನಲ್ಲಿ ಕೊಟ್ಟ ವರದಿ 2017ರಲ್ಲಿ ಬಂತು. ಅವನ ಗಮನ, ಮುಖದ ಚಲನೆ, ಕೆಮ್ಮುವುದು, ಅಳುವುದು, ತಿನ್ನುವುದು ಸುಧಾರಿಸಿದವು. ಮಗು ಮತ್ತೆ ಅಳುವುದು ಆ ಮನೆಯವರಿಗೆ ಎಷ್ಟು ದೊಡ್ಡದು! ಆದರೆ ಇದು ಒಬ್ಬ ಹುಡುಗನ ಕಥೆ. ಮಕ್ಕಳ ಮಿದುಳು ತಾನಾಗಿಯೂ ಸ್ವಲ್ಪ ಚೇತರಿಸಿಕೊಳ್ಳಬಹುದು. ಮದ್ದು ಕೊಟ್ಟವರನ್ನೂ ಕೊಡದವರನ್ನೂ ದೊಡ್ಡ ಸಂಖ್ಯೆಯಲ್ಲಿ ಹೋಲಿಸಿ ನೋಡದೆ, ಎಷ್ಟು ಪಾಲು ಎನ್‌ಜಿಎಫ್‌ನದು, ಎಷ್ಟು ಪಾಲು ಆ ಮಗುವಿನದೇ ಅಂತ ಬಿಡಿಸಿ ಹೇಳಲು ಆಗುವುದಿಲ್ಲ.