ಪದ ಕಡಿಮೆ ಮಾಡಿದರೆ ಇಂಗ್ಲಿಷ್ ಸುಲಭವಾಗುತ್ತಾ?

ಇಂಗ್ಲಿಷ್ ಕಷ್ಟ, ಹಾಗಾಗಿ ಒಂದಷ್ಟು ಪದ ಮಾತ್ರ ಇಟ್ಟುಕೊಂಡು ಅದನ್ನೇ ಜಗತ್ತಿಗೆಲ್ಲ ಕಲಿಸಿಬಿಡೋಣ ಅನ್ನುವ ಯೋಚನೆ ಹಳೆಯದು. 1930ರಲ್ಲೇ ಸಿ.ಕೆ. ಆಗ್ಡನ್ ಎಂಬ ಬ್ರಿಟಿಷ್ ವಿದ್ವಾಂಸ 850 ಪದಗಳ 'ಬೇಸಿಕ್ ಇಂಗ್ಲಿಷ್' ಕಟ್ಟಿದ. ಅದರಲ್ಲಿ ಕ್ರಿಯಾಪದಗಳು ಬರೀ 18. 1943ರಲ್ಲಿ ಚರ್ಚಿಲ್ ಹಾರ್ವರ್ಡ್‌ನಲ್ಲಿ ಭಾಷಣ ಮಾಡುತ್ತಾ ಇದನ್ನು ಹೊಗಳಿದ್ದೂ ಆಯ್ತು. ಆದರೂ ಅದು ಬೇರೂರಲಿಲ್ಲ.

ಯಾಕೆ? ಪದ ಕಡಿಮೆಯಾದಷ್ಟೂ ಉಳಿದವುಗಳ ಮೇಲೆ ಹೊರೆ ಜಾಸ್ತಿ. 'ಟಾಲರೇಟ್' ಬೇಡ, 'ಪುಟ್ ಅಪ್ ವಿತ್' ಅಂದರೆ ಸಾಕು ಅನ್ನಬೇಕಾಗುತ್ತೆ. ಪುಟ್ ಗೊತ್ತು, ಅಪ್ ಗೊತ್ತು, ವಿತ್ ಕೂಡ ಗೊತ್ತು, ಆದರೆ ಮೂರೂ ಸೇರಿ 'ಸಹಿಸಿಕೊಳ್ಳು' ಆಗುತ್ತೆ ಅಂತ ಹೊಸದಾಗಿ ಕಲಿಯುವವನಿಗೆ ಹೊಳೆಯೋದು ಹೇಗೆ? ಇಂಥ ಒಂದೊಂದು ಜೋಡಣೆಯನ್ನೂ ಅವನು ಹೊಸ ಪದದಂತೆಯೇ ಬಾಯಿಪಾಠ ಮಾಡಬೇಕು. ಪಟ್ಟಿ ಚಿಕ್ಕದಾಯಿತು, ಕಲಿಕೆ ಚಿಕ್ಕದಾಗಲಿಲ್ಲ.

ಆದರೆ ವಿಮಾನ ರಿಪೇರಿಯ ಕೈಪಿಡಿಗಳಲ್ಲಿ ಸರಳ ಇಂಗ್ಲಿಷ್ ಚೆನ್ನಾಗಿ ನಡೆಯುತ್ತಿದೆ. 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮ ರೂಪಿಸಿದ ನಿಯಮಗಳು ಇವತ್ತು 'ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್' ಎಂಬ ಹೆಸರಲ್ಲಿ ಬಳಕೆಯಲ್ಲಿವೆ. ಅಲ್ಲೂ ಸಾಮಾನ್ಯ ಪದಗಳು ಸುಮಾರು 900 ಮಾತ್ರ, ಜೊತೆಗೆ ಬಿಡಿಭಾಗಗಳ ಹೆಸರು ಎಷ್ಟು ಬೇಕಾದರೂ ಸೇರಿಸಬಹುದು. ನನಗೆ ಮುಖ್ಯ ಅನಿಸೋದು ಈ ಲೆಕ್ಕ ಅಲ್ಲ, ಅರ್ಥಕ್ಕೆ ಹಾಕಿರುವ ಬೇಲಿ. 'ಕ್ಲೋಸ್' ಅಂದರೆ ಮುಚ್ಚು ಅಂತ ಮಾತ್ರ. 'ಹತ್ತಿರ' ಅನ್ನೋಕೆ 'ನಿಯರ್' ಬರೆಯಬೇಕು. ಹೀಗೆ ಮಾಡು ಅಂತ ಹೇಳುವ ವಾಕ್ಯ 20 ಪದ ದಾಟುವಂತಿಲ್ಲ. ಇಲ್ಲಿ ಬೆವರು ಸುರಿಸೋದು ಬರೆಯುವವನು, ಓದುವ ಮೆಕ್ಯಾನಿಕ್ ಅಲ್ಲ. ಅದೇ ಸರಿ ಕೂಡ.

ಪೈಲಟ್‌ಗೂ ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲರ್‌ಗೂ ನಡುವಿನ ರೇಡಿಯೊ ಮಾತು ಇನ್ನೂ ನಾಜೂಕು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಜನ ಸತ್ತರು. ಡಿಕ್ಕಿಗೆ ಸ್ವಲ್ಪ ಮುಂಚೆ ಅವುಗಳಲ್ಲೊಂದಾದ ನೆದರ್ಲೆಂಡ್ಸ್‌ನ ಕೆಎಲ್‌ಎಂ ವಿಮಾನದಿಂದ 'ನಾವೀಗ ಟೇಕ್‌ಆಫ್‌ನಲ್ಲಿದ್ದೇವೆ' ಎಂಬರ್ಥದ ಮಾತು ಬಂತು. ಕಂಟ್ರೋಲರ್ 'ಓಕೆ' ಅಂದ. ವಿಮಾನ ಆಗಲೇ ಓಡುತ್ತಿತ್ತು, ಅವನು ಮಾತ್ರ ಅದು ಹೊರಡಲು ಸಿದ್ಧವಾಗಿ ನಿಂತಿದೆ ಅಂದುಕೊಂಡಿದ್ದ. ಈಗಿನ ನಿಯಮದಲ್ಲಿ 'ಟೇಕ್‌ಆಫ್' ಅನ್ನೋದನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಹೇಳಬೇಕು. ಉಳಿದ ಕಡೆ 'ಡಿಪಾರ್ಚರ್'.

ಇಂಥ ಸಿದ್ಧ ಮಾತುಗಳು ನಿರೀಕ್ಷಿತ ಸಂದರ್ಭಕ್ಕೆ ಸರಿ. ಎಡವಟ್ಟು ಆದಾಗ? 1990ರ ಜನವರಿಯಲ್ಲಿ ನ್ಯೂಯಾರ್ಕ್ ಬಳಿ ಕೊಲಂಬಿಯಾದ ಆವಿಯಾಂಕಾ ವಿಮಾನ ಇಂಧನ ಮುಗಿದು ಬಿತ್ತು, 73 ಜನ ಸತ್ತರು. ಪೈಲಟ್‌ಗಳು 'ಪ್ರಯಾರಿಟಿ' ಕೇಳಿದ್ದರು, ಇಂಧನ ಮುಗಿಯುತ್ತಿದೆ ಅಂತಲೂ ಹೇಳಿದ್ದರು, ಆದರೆ 'ಎಮರ್ಜೆನ್ಸಿ' ಅನ್ನಲಿಲ್ಲ. ಇಂಗ್ಲಿಷ್ ಮನೆಮಾತಿನ ಕಂಟ್ರೋಲರ್‌ಗಳಿಗೆ ಆ ಗಂಡಾಂತರದ ಅಂದಾಜೇ ಸಿಗಲಿಲ್ಲ. 1996ರಲ್ಲಿ ನಮ್ಮ ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತಾಗಲೂ ಕಜಕಸ್ತಾನ ಸಿಬ್ಬಂದಿಯ ದುರ್ಬಲ ಇಂಗ್ಲಿಷಿನ ಮಾತು ಬಂತು.

ಹಾಗಾಗಿಯೇ 2008ರಿಂದ ಅಂತರರಾಷ್ಟ್ರೀಯ ಪೈಲಟ್‌ಗಳಿಗೆ, ಕಂಟ್ರೋಲರ್‌ಗಳಿಗೆ ಸಿದ್ಧ ಮಾತು ಸಾಲದು, ಮಾಮೂಲಿ ಇಂಗ್ಲಿಷಿನಲ್ಲೂ ಕನಿಷ್ಠ 4ನೇ ಹಂತ ಮುಟ್ಟಿರಬೇಕು ಅನ್ನುವ ನಿಯಮ ಬಂದಿದೆ. ಒಟ್ಟು ಆರು ಹಂತ. 4ರಲ್ಲಿರುವವರು ಆಗಾಗ ಮತ್ತೆ ಪರೀಕ್ಷೆ ಕೊಡಬೇಕು, 6ಕ್ಕೆ ಹೋದವರಿಗೆ ಅದೂ ಇಲ್ಲ. ನಿಧಾನವಾಗಿ, ಬಿಡಿಸಿ ಮಾತಾಡೋದು ಮಾತ್ರ ಆರನೇ ಹಂತದವರೂ ಕಲಿಯಬೇಕಾದ್ದೇ, ಅಲ್ವಾ?