ದುಡಿಯ ಹೊಡೆತಕ್ಕೆ ಒಡೆದ ದನಿ: ಬಾಗಿದ ಗೆರೆ ಹುಡುಕುವುದು ಹೇಗೆ?

ಕೊಡಗಿನ ನಮ್ಮ ಐನ್‌ಮನೆಯ (ಮನೆತನದ ಹಿರಿಮನೆ) ಹಳೇ ಕ್ಯಾಸೆಟ್ ಒಂದರಲ್ಲಿ ಸುಗ್ಗಿಹಬ್ಬ ಹುತ್ತರಿಯ ರಾತ್ರಿಯ ಹಾಡಿದೆ. ನಾಲ್ಕು ಜನ ದುಡಿ (ಕೈಯಲ್ಲಿ ಹಿಡಿಯುವ ಸಣ್ಣ ಚರ್ಮವಾದ್ಯ) ಬಾರಿಸುತ್ತಾ ಹಾಡುತ್ತಾರೆ. ದನಿ ಏರಿದಾಗೆಲ್ಲ ಸೌಂಡ್ ಒಡೆಯುತ್ತದೆ. ಮೊದಲು ಈಕ್ವಲೈಜರ್‌ನಲ್ಲಿ ಟ್ರೆಬಲ್ ಇಳಿಸಿ ನೋಡಿದೆ. ಕರಕರ ಕಡಿಮೆಯಾಯಿತು, ಜೊತೆಗೆ ದುಡಿಯ ಚುರುಕೂ ಹೋಯಿತು.

ಹೀಗಾಗಲು ಕಾರಣವಿದೆ. 200 ಹರ್ಟ್ಸ್‌ನ ಸ್ವರ ಒಡೆದರೆ 400, 600, 800ರಲ್ಲಿ ಹೊಸ ಸದ್ದು ಹುಟ್ಟುತ್ತದೆ. 400 ಮತ್ತು 500 ಒಟ್ಟಿಗೆ ಒಡೆದರೆ 300ರಲ್ಲೂ 600ರಲ್ಲೂ ಬರುತ್ತದೆ. ಅದೇ ಜಾಗದಲ್ಲಿ ಹಾಡಿನ ನಿಜವಾದ ಸದ್ದೂ ಇರುತ್ತದೆ ಅಲ್ವಾ? ಫಿಲ್ಟರ್ ಎರಡನ್ನೂ ಒಟ್ಟಿಗೆ ಕತ್ತರಿಸುತ್ತದೆ.

ಹಾಳಾಗಿರುವುದು ಒಳಗೆ ಹೋದ ಮಟ್ಟಕ್ಕೂ ಹೊರಗೆ ಬಂದ ಮಟ್ಟಕ್ಕೂ ಇರುವ ಸಂಬಂಧ ತೋರಿಸುವ ಗೆರೆ. ನೇರ ಇರಬೇಕಾದ್ದು ತುದಿಯಲ್ಲಿ ಬಾಗಿದೆ. ಮೂಲ ದನಿ ಕೈಯಲ್ಲಿಲ್ಲದೆ ಆ ಬಾಗನ್ನು ಕಂಡುಹಿಡಿಯಬಹುದು, ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಕ್ಯಾಸೆಟ್ಟನ್ನು ಕಂಪ್ಯೂಟರ್‌ಗೆ ಇಳಿಸಿ, ಎಲ್ಲ ಸ್ಯಾಂಪಲ್‌ಗಳ (ಕ್ಷಣಕ್ಷಣದ ದನಿಮಟ್ಟದ ಅಂಕಿಗಳು) ಹಿಸ್ಟೋಗ್ರಾಮ್, ಅಂದರೆ ಯಾವ ಮಟ್ಟ ಎಷ್ಟು ಸಲ ಬಂದಿದೆ ಎಂಬ ಚಿತ್ರ ಹಾಕಿ. ಒಳ್ಳೆಯ ರೆಕಾರ್ಡಿಂಗ್‌ನಲ್ಲಿ ಸೊನ್ನೆಯ ಹತ್ತಿರ ಗುಡ್ಡ, ಎರಡೂ ಕಡೆ ತೆಳುವಾಗುವ ಬಾಲ. ನನ್ನದರಲ್ಲಿ ಬಲತುದಿಯಲ್ಲಿ ಇನ್ನೊಂದು ಸಣ್ಣ ದಿಬ್ಬ ಎದ್ದಿತ್ತು. ಎಡಬಾಲ ಸ್ವಲ್ಪ ಮೊಟಕಾಗಿತ್ತು, ಅಷ್ಟೇ. 200ರ ಸ್ವರ ಎರಡು ಕಡೆ ಒಂದೇ ಥರ ಒಡೆದರೆ 600, 1000ದಂಥ ಬೆಸ ಪಟ್ಟುಗಳು ಮಾತ್ರ ಬರುತ್ತವೆ. 400 ಹೊಸದಾಗಿ ಹುಟ್ಟಿದ್ದರೆ ಎರಡು ಕಡೆಯೂ ಬೇರೆ ಬೇರೆ ಬಾಗಿದೆ ಎಂದರ್ಥ.

ಈಗ ಅದೇ ಟೇಪಿನಲ್ಲಿ ಮೆಲ್ಲಗೆ ಹಾಡಿದ, ಒಡೆಯದ ಭಾಗ ತೆಗೆದುಕೊಳ್ಳಿ. ಎರಡೂ ಹಿಸ್ಟೋಗ್ರಾಮ್‌ಗಳ ನಡುಭಾಗ ಕೂಡುವಂತೆ ಅದನ್ನು ಹಿಗ್ಗಿಸಿ. ನೂರರಲ್ಲಿ 99 ಸ್ಯಾಂಪಲ್‌ಗಳು ಈ ಮೆಲುದನಿಯಲ್ಲಿ 0.9 ಮಟ್ಟದ ಕೆಳಗೆ, ಒಡೆದದ್ದರಲ್ಲಿ 0.7ರ ಕೆಳಗೆ ಇದ್ದರೆ, 0.7 ಮೂಲದಲ್ಲಿ 0.9 ಆಗಿತ್ತು ಎಂದು ಅಂದಾಜಿಸಿ. ಹೀಗೆ ಒಂದೊಂದೇ ಬಿಂದು ಕೂಡಿಸಿದರೆ ಗೆರೆ ಸಿಗುತ್ತದೆ. ಮೆಲುದನಿಯ ಭಾಗದಲ್ಲೂ ದುಡಿ ಇರಲೇಬೇಕು. ಬರೀ ಹಾಡಿದ್ದರೆ ಆಕಾರವೇ ಬೇರೆ, ಅಂದಾಜು ತಪ್ಪುತ್ತದೆ.

ನಮ್ಮ ಮಳೆಗೆ ಕ್ಯಾಸೆಟ್‌ಗೆ ಬೂಷ್ಟು ಹಿಡಿಯುವುದು ಮಾಮೂಲಿ. ಅದರಿಂದ ಬರುವ ಚಟಪಟ ಸದ್ದನ್ನು ಮೊದಲೇ ತೆಗೆಯಿರಿ, ಇಲ್ಲವಾದರೆ ಅದು ತುದಿಗಳಲ್ಲಿ ಸೇರಿ ಲೆಕ್ಕ ಕೆಡಿಸುತ್ತದೆ. ಒಡೆದ ಮೇಲೆ ಯಾವುದಾದರೂ ಫಿಲ್ಟರ್ ಹಾದುಬಂದಿದ್ದರೆ ಅದು ಮಾಡಿದ ಬದಲಾವಣೆಯನ್ನೂ ಮೊದಲು ಹಿಂದಕ್ಕೆ ತಿರುಗಿಸಿ.

ಗೆರೆಯ ಇಳಿಜಾರು 0.1ಕ್ಕೆ ಇಳಿದಲ್ಲಿ ಅದನ್ನು ನೇರ ಮಾಡಿದರೆ ಟೇಪಿನ ಹಿಸ್ (ಹಿನ್ನೆಲೆಯ ಸುಯ್ಯೆನ್ನುವ ಸದ್ದು) ಹತ್ತು ಪಟ್ಟು, ಅಂದರೆ 20 ಡೆಸಿಬೆಲ್ ಏರುತ್ತದೆ. ಪೂರ್ತಿ ಚಪ್ಪಟೆಯಾದರೆ ಅಲ್ಲಿ ಮಾಹಿತಿಯೇ ಉಳಿದಿಲ್ಲ, ಅಕ್ಕಪಕ್ಕದ ಸ್ಯಾಂಪಲ್ ನೋಡಿ ಹೊಸದಾಗಿ ತುಂಬಬೇಕು. ಒಂದು ಸುಳಿವು ಮಾತ್ರ ಸಿಗುತ್ತದೆ: ನಿಜವಾದ ಬೆಲೆ ಆ ಚಪ್ಪಟೆ ಮಟ್ಟಕ್ಕಿಂತ ಮೇಲೇ ಇತ್ತು. ನನ್ನ ಕ್ಯಾಸೆಟ್‌ನ ಮೇಲ್ತುದಿ (ಹಿಸ್ಟೋಗ್ರಾಮ್‌ನ ಬಲಬದಿ) ಹೀಗೆ ಕತ್ತರಿಸಿಹೋಗಿದೆ, ಕೆಳತುದಿ (ಎಡಬದಿ) ಬರೀ ಬಾಗಿದೆ. ಹಾಗಾಗಿ ಕೆಳಗಿನದನ್ನು ಗೆರೆಯಿಂದ ನೇರ ಮಾಡಿ, ಮೇಲಿನದನ್ನು ತುಂಬುತ್ತಿದ್ದೇನೆ.